ಎಲೆ, ಎಲುಬು, ಸುಣ್ಣ

ಶಿಗ್ಗಾಂವ, ೧೯ ಜೂನ್ ೧೯೬೩

ಶಾಲೆಯಲ್ಲಿ ಹಾಜರಿ ವಹಿ ಒಂದು ಹೆಚ್ಚಿಗೆ ಬಂದಿತ್ತು. ಹೆಡ್ಮಾಸ್ತರರು ನನಗೆ ದಾನ ಮಾಡಿದರು. ಇನ್ನು ಮೇಲೆ ಇದರಲ್ಲಿ ನನ್ನ ಹಾಜರಿಯನ್ನು ನಾನೇ ಹಾಕಿಕೊಳ್ಳುವವನು.

ಇವತ್ತು ಎಂಟನೆಯ ಇಯತ್ತೆಗೆ ಸಂಧಿ. ಉದಾಹರಣೆ ಹುಡುಕಲು ಬೇಸರವಾಗಿ, ನಿಮ್ಮ ಮಾಸ್ತರರ ಹೆಸರನ್ನೇ ಬಿಡಿಸಿರಿ ಎಂದೆ. ಹುಡುಗರೆಲ್ಲ ನೆಲ ನೋಡಿದರು. ಮುನವ್ವರಾ ಎಂಬ ಹುಡುಗಿ ಮಾತ್ರ ಎದ್ದು ನಿಂತಳು.

"ಉಳಿವೆಪ್ಪ ಅಂದ್ರ ಉಳಿವೆ ಕೂಡಿಸು ಅಪ್ಪ ರೀ ಸರ್. ನಾ ಬದುಕಿ ಉಳೀತೇನಪಾ ಅಂದಂಗ."

ಇಡೀ ವರ್ಗ ನಕ್ಕಿತು. ಅದು ಉಳವಿ ಎಂಬ ಕ್ಷೇತ್ರದಿಂದ ಬಂದ ಹೆಸರು, ಉಳಿವಿನಿಂದ ಬಂದದ್ದಲ್ಲ, ನಿನ್ನ ಸಂಧಿಯೂ ತಪ್ಪು ಎಂದು ಹೇಳಿ ಗುಣಗಳ ವಹಿಯಲ್ಲಿ ಅವಳ ಹೆಸರಿನ ಮುಂದೆ ದೊಡ್ಡ ಸೊನ್ನೆ ಬರೆದೆ. ಒಳಗೊಳಗೆ ಹೊಟ್ಟೆಕಿಚ್ಚು. ನನ್ನ ಹೆಸರಿನ ಮೇಲೆ ನನಗಿಂತ ಮೊದಲು ಇನ್ನೊಬ್ಬರು ಶ್ಲೇಷೆ ಮಾಡುವುದೆಂದರೇನು?

ಮನೆಯಲ್ಲಿ ಸರ್ಕಾರದ್ದು ಇಂದೂ ಅದೇ ಠರಾವು. (ಸರ್ಕಾರ ಎಂದರೆ ನನ್ನ ಹೆಂಡತಿ. ಆಡಳಿತ ಆಕೆಯದು, ವಿರೋಧ ಪಕ್ಷ ನಾನು.)

"ಎಲಬು ನೋಯಾಕತ್ತಾವ್ರಿ."

"ಯಾವ ಎಲಬು?"

"ಎಲ್ಲಾ."

ಮನುಷ್ಯನಿಗೆ ಇನ್ನೂರಾರು ಎಲುಬು, ದಿನಕ್ಕೊಂದರಂತೆ ನೋಯಿಸಿಕೋ, ವರ್ಷಕ್ಕೆ ಐದು ತಿಂಗಳು ಸೂಟಿ ಸಿಗುತ್ತದೆ ಎಂದೆ. ನಗಲಿಲ್ಲ. ಮೊದಲೆಲ್ಲ ನಗುತ್ತಿದ್ದಳು, ತಿರುಗಿ ಒಂದು ಕೊಡುತ್ತಲೂ ಇದ್ದಳು. ಈಗ ಬರೀ ಗೊಣಗಾಟ. ಈ ಮನೆಗೆ ಒಂದು ದಿನದ ಮಟ್ಟಿಗಾದರೂ ದೇವರು ಮೌನ ಕರುಣಿಸಿದರೆ ನಾನು ಉಳವಿಗೆ ಕಾಲ್ನಡಿಗೆಯಲ್ಲಿ ಹೋಗಿ ಬರುತ್ತೇನೆ.

೩ ಜುಲೈ

ಸರ್ಕಾರದ ರೊಟ್ಟಿ ದಪ್ಪಗಾಗುತ್ತಿವೆ. ಮೊದಲು ಆಕೆಯ ರೊಟ್ಟಿಯ ಆಚೆಗೆ ಕೈ ಹಿಡಿದರೆ ಬೆರಳು ಕಾಣುತ್ತಿದ್ದವು. ಈಗಿನದಕ್ಕೆ ಭೂಗೋಳದ ಮಾಸ್ತರರು ಬೇಕು. ಒಂದಕ್ಕೆ ಘಟ್ಟ ಇದೆ, ಇನ್ನೊಂದಕ್ಕೆ ಕರಾವಳಿ. ಹೀಗಂದೆ. "ಬಡಿಯಾಕ ತ್ರಾಣ ಇಲ್ರಿ" ಎಂದಳು. ನೆಲಕ್ಕೆ ಕೈಯೂರದೆ ಏಳುವುದಕ್ಕೂ ಆಗುವುದಿಲ್ಲ. ನೀರು ಮಾತ್ರ ಕೊಡಗಟ್ಟಲೆ ಕುಡಿಯುತ್ತಾಳೆ. ಹೋದ ವರ್ಷ ಉಚ್ಚೆಯಲ್ಲಿ ಒಂದು ಹರಳು ಬಿದ್ದಿತ್ತು. ಹರಳಿನ ಮೂಗುತಿ ಬೇಡಿದವಳಿಗೆ ದೇವರು ಒಳಗಿಂದಲೇ ಹರಳು ಕೊಟ್ಟ ಎಂದು ನಾನು ಆಗ ಮಾಡಿದ ಹಾಸ್ಯ ಸ್ಟಾಫ್ ರೂಮಿನಲ್ಲಿ ಇನ್ನೂ ಓಡುತ್ತಿದೆ.

ಅವ್ವ ಇವತ್ತು ಚಿಕಿತ್ಸೆ ಕಂಡುಹಿಡಿದಳು. "ಎಲಬು ಅಂದ್ರ ಏನ ಹೇಳು? ಸುಣ್ಣ. ಗ್ವಾಡಿ ಉದರಿದ್ರ ಸುಣ್ಣ ಹಚ್ಚತಿ, ಸೊಸಿ ಉದರಿದ್ರ ಸುಮ್ನ ಕುಂದರತಿ?" ಎಲೆ ಅಡಿಕೆಯ ಡಬ್ಬಿಯಿಂದ ಮೆಣಸಿನ ಕಾಳಿನಷ್ಟು ಸುಣ್ಣ ತೆಗೆದು ಮಜ್ಜಿಗೆಯಲ್ಲಿ ಕದಡಿ ದಿನಾ ಕುಡಿಸಬೇಕಂತೆ. ಬಿ.ಎ. ಮಾಡಿದವನಿಗೂ ಈ ತರ್ಕ ಒಪ್ಪಿಗೆಯಾಯಿತು. ಕದಡುವ ಕೆಲಸ ನಾನೇ ವಹಿಸಿಕೊಂಡೆ. ಮನೆಗೆ ವರ್ಷಕ್ಕೊಮ್ಮೆ ಸುಣ್ಣ, ಮನೆಯೊಡತಿಗೆ ದಿನಕ್ಕೊಮ್ಮೆ. ಇದೂ ಸ್ಟಾಫ್ ರೂಮಿಗೆ ಹೋಗಬೇಕಾದ ಮಾತು.

೩೧ ಜುಲೈ

ರೊಟ್ಟಿ ಬಡಿಯುತ್ತಿದ್ದಾಗ ಕೈ ಮುರಿಯಿತು. ಬಿದ್ದಿಲ್ಲ, ಎಡವಿಲ್ಲ. ಪಟಪಟ ಎನ್ನುತ್ತಿದ್ದ ಸಪ್ಪಳ ನಿಂತಿತು, ಅಷ್ಟೆ. ಒಳಗೆ ಹೋಗಿ ನೋಡಿದರೆ ಮುಂಗೈ ಇರಬಾರದ ಕಡೆ ಬಗ್ಗಿತ್ತು. "ರೊಟ್ಟಿ ಹರೀತ್ರಿ" ಎಂದಳು. ಕೈಯ ಮಾತೇ ಇಲ್ಲ.

ಒಲೆಯ ಮೇಲಿನ ಹಂಚು ಇಳಿಸಿದೆ.

ಸವಣೂರು, ೧ ಆಗಸ್ಟ್

ಎಲುಬು ಕಟ್ಟುವುದರಲ್ಲಿ ಮಕ್ತುಮಸಾಬನನ್ನು ಬಿಟ್ಟರಿಲ್ಲ ಎಂದು ಅವ್ವ ಹೇಳಿದ್ದಕ್ಕೆ ಬೆಳಗಿನ ಮೋಟಾರಿಗೆ ಬಂದೆವು. ವೀಳ್ಯದೆಲೆಯ ಪೆಂಡಿಗಳ ನಡುವೆ ಒಂದು ಓಣಿ, ಓಣಿಯ ತುದಿಗೆ ಕಟ್ಟೆ, ಕಟ್ಟೆಯ ಮೇಲೆ ಮುದುಕ. ಆತನ ಕೈ ಸೇರಿದ ಎಲುಬು ಮತ್ತೆ ಮುರಿಯುವುದಿಲ್ಲ ಎಂದು ಮೂರು ತಾಲೂಕಿನ ಜನ ಆಣೆ ಹಾಕುತ್ತಾರೆ.

ಕಣ್ಣು ಮುಚ್ಚಿ ಆಕೆಯ ಕೈ ಮುಟ್ಟಿದ. ಮುರಿದದ್ದನ್ನು ಬಿಟ್ಟು ಇನ್ನೊಂದು ಕೈ ಮುಟ್ಟಿದ. ಕಾಲು ಮುಟ್ಟಿದ. ಕಣ್ಣು ತೆರೆದ.

"ಮಾಸ್ತರ, ನಾ ಮುರದ ಎಲಬು ಕಟ್ಟಾಂವ. ಇದು ಮುರದಿಲ್ಲ. ಕರಗೇತಿ."

"ಅಂದ್ರ?"

"ಐವತ್ತು ವರ್ಷ ಆತು. ಎಲಬು ಮುರದ್ರ ಕೈಗೆ ಖಟ್ಟಂತ ಹೇಳತೈತಿ. ಇದು ತೊಯ್ದ ಹಪ್ಪಳ ಇದ್ದಂಗ ಐತಿ. ನಾ ಜಗ್ಗಿ ಕಟ್ಟಿದೆ ಅಂದ್ರ ಇನ್ನೊಂದ ಕಡೆ ಹೊಕ್ಕೈತಿ. ನನಗ ಬರೂದಿಲ್ಲ. ದೊಡ್ಡ ಡಾಕ್ಟರಿಗೆ ತೋರಸ್ರಿ." ಆಮೇಲೆ ಆಕೆಯ ಕಡೆ ತಿರುಗಿ, "ಭಾಳ ದಿನದಿಂದ ನೋವು ಇರಬೇಕಲ್ಲವಾ, ತಂಗಿ?" ಎಂದ.

"ಎರಡ ವರ್ಷ ಆತ್ರಿ ಚಾಚಾ."

"ಯಾರಿಗೂ ಹೇಳಲಿಲ್ಲೇನ?"

ಆಕೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಬಿದಿರಿನ ಸಿಬಿರಿಟ್ಟು ಹತ್ತಿಯ ಮೇಲೆ ಸಡಿಲಾಗಿ ಪಟ್ಟಿ ಸುತ್ತಿದ, ಕೂಸಿಗೆ ಸುತ್ತಿದ ಹಾಗೆ.

ಹಾನಗಲ್ಲ, ೯ ಆಗಸ್ಟ್

ಇಲ್ಲಿಯ ದವಾಖಾನೆಗೆ ಡಾಕ್ಟರನಾಗಿ ಬಂದವನು ಕರಬಸಪ್ಪ. ಧಾರವಾಡದಲ್ಲಿ ಇಂಟರ್‌ವರೆಗೆ ಒಂದೇ ಖೋಲಿಯಲ್ಲಿದ್ದೆವು. ಅವನು ಗ್ರಂಥಿಯ ಕಡೆ ಹೋದ, ನಾನು ಗ್ರಂಥದ ಕಡೆ ಬಂದೆ. ನೋಡಿದ ಕೂಡಲೆ "ಲೇ ಉಳಿವ್ಯಾ, ಹಲ್ಲು ಇನ್ನೂ ಅಷ್ಟೂ ಅದಾವಲ್ಲೋ, ಹೆಂಡತಿ ಭಾಳ ಸಂಭಾಳಿಸ್ಯಾಳ!" ಎಂದ. ಹೆಂಡತಿಯನ್ನು ನೋಡಿದ ಮೇಲೆ ಚೇಷ್ಟೆ ನಿಲ್ಲಿಸಿದ.

ಒಂದೊಂದೇ ಕೇಳಿದ. ನೀರಡಿಕೆ? ಹೌದು. ಹರಳು? ಹೌದು. ಹೊಟ್ಟೆ ಕಟ್ಟುವುದು? ಹೌದು. ಮನಸ್ಸಿಗೆ ಮಬ್ಬು, ಮರೆವು, ಅಳು?

"ಹಿತ್ತಲಕ್ಕ ಹೋಗಿ ಅಳತೇನ್ರಿ" ಎಂದಳು. "ಯಾಕಂತ ನನಗೂ ತಿಳಿಯೂದಿಲ್ಲ."

ನಮ್ಮ ಹಿತ್ತಲ ಏನು ಮಹಾ ದೊಡ್ಡದು? ಹನ್ನೆರಡು ಹೆಜ್ಜೆ. ನನಗೆ ಒಂದು ದಿನವೂ ಕೇಳಿಸಿಲ್ಲ.

ಹುಬ್ಬಳ್ಳಿಯಲ್ಲಿ ಎಲುಬಿನ ಫೋಟೋ ಮತ್ತು ರಕ್ತದ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಚೀಟಿ ಬರೆದುಕೊಟ್ಟಿದ್ದಾನೆ.

ಹಾನಗಲ್ಲ, ೨೨ ಆಗಸ್ಟ್

ಕರಬಸಪ್ಪ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಮುರದ ಜಾಗಾ ಬಿಡು. ಬೆರಳು ನೋಡು. ಎಲಬಿನ ಅಂಚು ಹೆಂಗ ಕಾಣತೈತಿ?"

"ಗೆದ್ದಲು ಹತ್ತಿದ ಜಂತಿಯಂಗ."

"ಬರೋಬ್ಬರಿ. ಇನ್ನ ರಕ್ತ. ರಕ್ತದಾಗ ಸುಣ್ಣ ಎಷ್ಟು ಇರಬೇಕೋ ಅದಕ್ಕಿಂತ ಒಂದೂವರಿ ಪಟ್ಟು ಐತಿ."

"ಎಲಬಿನಾಗ ಸುಣ್ಣ ಇಲ್ಲ, ರಕ್ತದಾಗ ಹೆಚ್ಚ? ಏನ ಕಾರಭಾರ ಇದು?"

ಅವನು ಕುರ್ಚಿ ಹತ್ತಿರ ಎಳೆದುಕೊಂಡ. ಆಕೆಗೂ ತಿಳಿಯುವ ಹಾಗೆ, ಆಕೆಗೇ ಹೇಳಿದ.

"ವೈನೀ, ನಮ್ಮ ಕೊರಳಾಗ ಥೈರಾಯಿಡ್ ಅಂತ ಒಂದು ಗ್ರಂಥಿ ಐತಿ. ಅದರ ಬೆನ್ನಿಗೆ ಅಕ್ಕಿಕಾಳಿನಂಥಾವು ಇನ್ನೂ ನಾಕು ಗ್ರಂಥಿ. ರಕ್ತದಾಗ ಸುಣ್ಣ ಕಮ್ಮಿ ಬಿತ್ತು ಅಂದ್ರ ಅವು ಒಂದು ಕಾಗದ ಬರದು ರಕ್ತದಾಗ ಹಾಕ್ತಾವು. ಹಾರ್ಮೋನು ಅಂತೇವಿ ಅದಕ. ಕಾಗದ ಎಲಬಿಗೆ ಮುಟ್ಟತೈತಿ. ಎಲಬು ತನ್ನೊಳಗಿನ ಸುಣ್ಣ ಒಂದೀಟು ಬಿಟ್ಟುಕೊಡತೈತಿ. ಸಾಕಾತು ಅಂದ ಕೂಡ್ಲೆ ಕಾಗದ ಬಂದ್. ಇದು ಎಲ್ಲಾರಾಗೂ ನಡಿಯೂ ಪದ್ಧತಿ."

"ನನ್ನೊಳಗ ಏನಾಗೇತ್ರಿ ಮತ್ತ?"

"ನಾಕರಾಗ ಒಂದಕ್ಕ ಕಿವಿ ಹೋಗೇತಿ. ಸಾಕು ಅಂದ್ರ ಕೇಳವಲ್ದು. ದಪ್ಪ ಆಗಿ ಕುಂತು ಬರದ ಬರಿಯಾಕತ್ತೈತಿ. ಎಲಬು ಪಾಪ, ಬಂದ ಕಾಗದಕ್ಕೆಲ್ಲಾ ಹೂಂ ಅಂತ ಕೊಟಗೋಂತ ಹೊಂಟೈತಿ. ಆ ಸುಣ್ಣ ರಕ್ತಕ್ಕ ಬಂದು, ಕಿಡ್ನಿಗೆ ಹೋಗಿ ಹರಳಾತು. ನೀರಡಿಕಿ ಆತು. ತಲಿಗೆ ಮಬ್ಬಾತು."

ಆಕೆ ತನ್ನ ಪಟ್ಟಿ ಸುತ್ತಿದ ಕೈ ನೋಡಿಕೊಂಡು, "ಹಂಗಾರ ನಾ ಸುಳ್ಳ ಹೇಳಿದ್ದಿಲ್ಲ" ಎಂದಳು. ನನಗಲ್ಲ, ಅವನಿಗಲ್ಲ, ತನಗೇ.

ನಾನು ಮಾತು ತಪ್ಪಿಸಲು, ಆ ಕಾಗದ ಯಾವ ಭಾಷೆಯಲ್ಲಿರುತ್ತದೆ ಎಂದು ಕೇಳಿದೆ. "ಪ್ರೋಟೀನಿನ ಭಾಷಾ. ಮಣಿ ಪೋಣಿಸಿದಂಗ ಸಣ್ಣ ಸಣ್ಣ ತುಣುಕಿನ ಸರ. ಪೆಪ್ಟೈಡು. ಈಗೀಗ ಅದನ್ನ ಸ್ವಚ್ಛ ಮಾಡಿ ತಗದಾರ. ಯಾವ ಮಣಿ ಮುಂದ ಯಾವ ಮಣಿ ಐತಿ ಅಂತ ಇನ್ನೂ ಪೂರಾ ಬಿಡಿಸಿಲ್ಲ." ಎಂದರೆ ಸಂಧಿ ಬಿಡಿಸುವ ಕೆಲಸ ಅಲ್ಲೂ ಮುಗಿದಿಲ್ಲ.

ಸುಣ್ಣದ ಮಜ್ಜಿಗೆಯ ಸಂಗತಿ ಆಗ ಹೇಳಿದೆ. ಹೇಳದೆ ಹೇಗೆ ಇರಲಿ? ಕರಬಸಪ್ಪ ಬೈಯಲಿಲ್ಲ. "ರೋಗ ಅದರಿಂದ ಬಂದಿಲ್ಲಲೇ. ತುಂಬಿದ ಹಗೇವಿನಾಗ ಮತ್ತ ಜ್ವಾಳ ಸುರದಂಗ ಆಗೇತಿ. ಇವತ್ತಿನಿಂದ ಬಂದ್ ಮಾಡು. ಮಿರಜಿಗೆ ಹೋಗ್ರಿ. ಕೊರಳು ಕೊಯ್ದು ಆ ಒಂದನ್ನ ತಗೀಬೇಕು. ತಡಾ ಮಾಡಿದ್ರ..." ಎಂದು ಅಷ್ಟಕ್ಕೆ ನಿಲ್ಲಿಸಿದ. ಆಮೇಲೆ ಹೊರಗೆ ಕರೆದು ಉಳಿದದ್ದನ್ನು ಹೇಳಿದ. ಕಿಡ್ನಿ ಇನ್ನು ಹೆಚ್ಚು ದಿನ ತಾಳುವುದಿಲ್ಲ.

ಐವತ್ತು ದಿನ. ಈ ಕೈಯಿಂದ ಕದಡಿ, ಈ ಬಾಯಿಂದ ಚೇಷ್ಟೆ ಮಾಡಿ ಕುಡಿಸಿದ್ದೇನೆ.

ಶಿಗ್ಗಾಂವ, ೨೪ ಆಗಸ್ಟ್

ಅವ್ವನಿಗೆ ತಿಳಿಸಿ ಹೇಳಿದೆ. ಸಂಜೆಯ ಹೊತ್ತಿಗೆ ಓಣಿಯಲ್ಲಿ ಸುದ್ದಿ ಹೀಗೆ ನಿಂತಿತ್ತು: ಮಾಸ್ತರ ಹೆಂಡತಿ ಕೊರಳಾಗ ಹಾರ್ಮೋನಿಯಂ ಪೆಟಿಗಿ ಬೆಳದೈತಿ, ಮಿರಜಿಗೆ ಹೋಗಿ ತಗಸ್ತಾರಂತ. ಪಕ್ಕದ ಮನೆಯ ಉಡಚವ್ವ ಕಟ್ಟೆಗೆ ಬಂದು, "ಹಾಡು ಭಾಳ ಛಲೋ ಹಾಡತಿದ್ದಳ್ರಿ, ಅದಕ ಇರಬೇಕು" ಎಂದಳು.

ಇವಳು ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತು! ಆ ಹಾಸ್ಯ ನನ್ನದಲ್ಲ ಎಂಬ ಬೇಸರ ಕೂಡ ನನಗೆ ಆಗಲಿಲ್ಲ. ಉಡಚವ್ವನಿಗೆ ಕೈ ಮುಗಿಯೋಣ ಎನಿಸಿತು.

ಅವ್ವ ಸುಣ್ಣದ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಬರೀ ಎಲೆ ಬಾಯಿಗೆ ಹಾಕಿಕೊಂಡು ಜಗಿಯುತ್ತ ಕೂತಳು. "ಅವ್ವಾ, ನಿನಗೇನಾಗೇತಿ? ನೀ ಹಚಗೋ" ಎಂದೆ. "ನನ್ನ ಸೊಸಿ ಮಾದೇವಿ ಆರಾಮಾಗಿ ಬರೂತನಕ ಬ್ಯಾಡ" ಎಂದಳು.

ಮಿರಜ, ೧೦ ಸೆಪ್ಟೆಂಬರ್

ಮಗಳು ಸುಶೀಲಾಳನ್ನು ಅಬಲೂರಿನ ಅವಳ ಅಜ್ಜಿಯ ಮನೆಯಲ್ಲಿ ಬಿಟ್ಟು ರೈಲು ಹತ್ತಿದೆವು. ಇಲ್ಲಿಯ ದವಾಖಾನೆ ನಮ್ಮ ಪೇಟೆಯಷ್ಟಿದೆ.

ದಾಖಲು ಮಾಡಿಕೊಳ್ಳುವ ಮೇಜಿನ ಹತ್ತಿರ ಆಕೆಯನ್ನು ಕೂಡಿಸಿ ನಾನು ಹಾಸಿಗೆಯ ಗಂಟು ತರಲು ಹೋಗಿದ್ದೆ. ಬರುವಷ್ಟರಲ್ಲಿ ರಾದ್ಧಾಂತ. ಗುಮಾಸ್ತ ಗಂಡನ ಹೆಸರು ಕೇಳಿದ್ದಾನೆ. ಇವಳು ಹೇಳುವವಳೇ? ಮದುವೆಯಾದ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಹೆಂಗಸರು ಹೆಸರು ಕೇಳಿದಾಗಲೂ ಒಡಪು ಕಟ್ಟಿ, ಕೊನೆಗೆ "ಮಾಸ್ತರು" ಎಂದು ಮುಗಿಸಿ ಪಾರಾದವಳು. ಇಂದಿಗೆ ಹನ್ನೊಂದು ವರ್ಷ, ನನ್ನ ಹೆಸರು ಆಕೆಯ ನಾಲಿಗೆಗೆ ಬಂದಿಲ್ಲ. ಗುಮಾಸ್ತನಿಗೂ ಒಗಟನ್ನೇ ಇಟ್ಟಿದ್ದಾಳೆ: "ಉಳವಿಯೊಳಗ ಇದ್ದ ದೇವರ ಹೆಸರ್ರಿ." ಗುಮಾಸ್ತ ಶಾಣ್ಯಾ ಮನುಷ್ಯ. ಉಳವಿಯಲ್ಲಿರುವವನು ಚನ್ನಬಸವಣ್ಣ ಎಂದು ಬಲ್ಲವನು. "ಚನ್ನಬಸಪ್ಪ" ಎಂದು ಬರೆದು ಠಸ್ಸೆ ಒತ್ತಿದ.

"ಹೇಳಬಾರದೇನ, ತಪ್ಪ ಅಂತ?" ಎಂದೆ.

"ಹೇಳಬೇಕಂದ್ರ ಹೆಸರ ಹೇಳಬೇಕಲ್ರಿ" ಎಂದಳು.

ಮಿರಜಿನಲ್ಲಿ ನಾನು ಚನ್ನಬಸಪ್ಪ. ಹೆಂಡತಿ ಬದುಕಿ ಬರುವುದಿದ್ದರೆ ಅವರು ಕರೆದ ಹೆಸರಿಗೆಲ್ಲ ಓ ಎನ್ನುತ್ತೇನೆ.

೧೬ ಸೆಪ್ಟೆಂಬರ್

ನಾಳೆ ಆಪರೇಷನ್. ಇಲ್ಲಿಯ ದೊಡ್ಡ ಡಾಕ್ಟರರು ನರೆತ ಕೂದಲಿನ ಮರಾಠಿ ಮನುಷ್ಯ, ಕನ್ನಡವನ್ನು ಸಾವಕಾಶವಾಗಿ ಅಳೆದು ಆಡುತ್ತಾರೆ. ಮುಚ್ಚಿಡದೆ ಹೇಳಿದರು. ನಾಲ್ಕರಲ್ಲಿ ಕೆಟ್ಟದ್ದು ಯಾವುದೆಂದು ಕೊಯ್ದ ಮೇಲೆಯೇ ತಿಳಿಯುವುದು. ಧ್ವನಿಯ ನರ ಅದರ ಮಗ್ಗುಲಲ್ಲೇ ಹಾಯ್ದಿದೆ. ಜೋಪಾನ ಮಾಡುತ್ತಾರೆ, ಆದರೆ ಮಾತು ಕೊಡಲಾರರು.

ಧ್ವನಿ ಹೋದರೆ ಹೋಗಲಿ, ಜೀವ ಇರಲಿ ಎಂದೆ. ಆಕೆ ತಿರುಗಿ ನೋಡಿದಳು. "ಜೂನ್ ತಿಂಗಳಾಗ ಬೇಡಿಕೊಂಡಿದ್ರಲ್ಲ, ಮೌನ ಕೊಡಪಾ ಅಂತ. ದೇವರು ತಡಾ ಮಾಡ್ಯಾನ, ಮರತಿಲ್ಲ."

ಈ ವಹಿ ಓದಿದ್ದಾಳೋ, ಅಥವಾ ನಾನು ಬಾಯಿಬಿಟ್ಟೇ ಅಂದಿದ್ದೆನೋ! ಕೇಳುವ ಧೈರ್ಯವಾಗಲಿಲ್ಲ.

ಕೊರಳಿಗೆ ಕತ್ತರಿ ಬೀಳುವುದರಿಂದ ತಾಳಿ ತೆಗೆಯಬೇಕು. ನರ್ಸಮ್ಮ ಸುಮ್ಮನೆ ಅದನ್ನು ದಾರಕ್ಕೆ ಪೋಣಿಸಿ ಆಕೆಯ ಸರಿಯಿರುವ ಕೈಗೆ ಕಟ್ಟಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ತಾಯಿಯ ಹೆಸರು ಕೇಳಲು ಮರೆತೆ.

೧೭ ಸೆಪ್ಟೆಂಬರ್

ಸಿಕ್ಕಿತು. ಸಣ್ಣ ಅಡಿಕೆಯಷ್ಟಿತ್ತು. ಬಟ್ಟಲಲ್ಲಿ ತೋರಿಸಿದರು. ಇಷ್ಟು ಗಾತ್ರದ್ದು ಕೂತು ಬರೆದ ಕಾಗದಕ್ಕೆ ಒಬ್ಬ ಹೆಣ್ಣುಮಗಳ ಮೈಯೆಲ್ಲ ಹೂಂ ಎಂದಿತ್ತು.

ಮಧ್ಯಾಹ್ನ ಮಾದೇವಿ ಕಣ್ಣು ತೆರೆದಳು. ಧ್ವನಿ ನೋಡಬೇಕಾಗಿತ್ತು. ಡಾಕ್ಟರರು ಬಗ್ಗಿ, "ಬಾಯಿ, ಗಂಡನ ಹೆಸರು ಹೇಳಿ" ಎಂದರು. ತುಟಿ ಬಿಚ್ಚಲಿಲ್ಲ. ಮತ್ತೆ ಕೇಳಿದರು. ಇಲ್ಲ. ಡಾಕ್ಟರರ ಮುಖ ಸಣ್ಣದಾಯಿತು. ನನಗೆ ನಗು ಬಂತು, ನಿಜವಾಗಿ ಬಂತು. "ಸಾಹೇಬ್ರ, ಅದೊಂದು ಬಿಟ್ಟು ಬ್ಯಾರೆ ಏನರ ಕೇಳ್ರಿ! ಧ್ವನಿ ಇದ್ರೂ ಅದನ್ನ ಹೇಳಾಕಿ ಅಲ್ಲ!"

ಅವರೂ ನಕ್ಕು, ಮಗಳ ಹೆಸರು ಕೇಳಿದರು.

ಮಾದೇವಿ ಬಾಯಿ ತೆರೆದಳು. ಸು ಎಂಬ ಗಾಳಿ ಬಂತು. ಗಾಳಿಯೇ ಬಂತು.

೧೯ ಸೆಪ್ಟೆಂಬರ್

ಬೆಳಿಗ್ಗೆ ಮಾದೇವಿಯ ತುಟಿ ಜುಮುಗುಟ್ಟಿ, ಬೆರಳು ಸೆಟೆದು ಕೊಕ್ಕಿನ ಹಾಗೆ ಕೂಡಿಕೊಂಡವು. ನಾನು ಓಡಿದೆ. ನರ್ಸಮ್ಮ ನನಗಿಂತ ಮೊದಲು ಓಡಿದ್ದಳು. ನರಕ್ಕೆ ಸೂಜಿ ಹಾಕಿ ಮೆಲ್ಲಗೆ ಔಷಧ ಬಿಟ್ಟರು. ಔಷಧ ಏನು? ಸುಣ್ಣದ ಸತ್ವ!

ಡಾಕ್ಟರರು ಸಂಜೆ ಬಿಡಿಸಿ ಹೇಳಿದರು. ಎಲುಬು ಎರಡು ವರ್ಷ ಉಪವಾಸ ಬಿದ್ದಿತ್ತು. ಕಾಗದ ನಿಂತದ್ದೇ ತಡ, ಪಂಕ್ತಿಗೆ ಕೂತ ಜಂಗಮನಂತೆ ರಕ್ತದೊಳಗಿನ ಸುಣ್ಣವನ್ನೆಲ್ಲ ಬಾಚಿ ಉಣ್ಣುತ್ತಿದೆ. ಉಳಿದ ಮೂರು ಗ್ರಂಥಿ, ಕೆಲಸವೆಲ್ಲ ದೊಡ್ಡದೇ ಮಾಡುತ್ತದೆಂದು ಮಲಗಿಬಿಟ್ಟಿದ್ದವು. ಅವು ಎದ್ದು ಬರೆಯಲು ಕಲಿಯುವವರೆಗೆ ನಾವು ಹೊರಗಿನಿಂದ ಕೊಡಬೇಕು. ದಿನಕ್ಕೆ ಮೂರು ಸಲ ಸುಣ್ಣದ ಪುಡಿ, ಹಾಲಿನಲ್ಲಿ ಕದಡಿ.

"ಯಾರು ಕದಡತೀರಿ?" ಎಂದು ನರ್ಸಮ್ಮ ಕೇಳಿದಳು.

"ಅನುಭವಸ್ಥ ನಾನು" ಎಂದೆ. ಮಾದೇವಿಯ ಭುಜ ಅಲುಗಿದವು. ಅಳುವೋ ಎಂದು ಹೆದರಿ ನೋಡಿದೆ. ಧ್ವನಿಯಿಲ್ಲದ ನಗು.

ಶಿಗ್ಗಾಂವ, ೮ ಅಕ್ಟೋಬರ್

ಮನೆಗೆ ಬಂದು ನಾಲ್ಕು ದಿನ. ಅವ್ವ ಅಟ್ಟದಿಂದ ಡಬ್ಬಿ ಇಳಿಸಿ, ಮೊದಲು ಮಾದೇವಿಗೆ ತೋರಿಸಿ, ಆಮೇಲೆ ಎಲೆಗೆ ಸುಣ್ಣ ಹಚ್ಚಿಕೊಂಡಳು.

ನರ ಕಡಿದಿಲ್ಲ, ಜಜ್ಜಿರಬೇಕು, ಮೂರು ತಿಂಗಳು ನೋಡೋಣ, ಬಂದರೆ ಬಂತು, ಎಂದಿದ್ದಾರೆ. ಮಾದೇವಿ ಪಿಸುಗುಟ್ಟುತ್ತಾಳೆ. ಮಗಳು ಪಿಸುಮಾತಿಗೆ ಪಿಸುಮಾತಿನಲ್ಲೇ ಉತ್ತರ ಕೊಡುತ್ತಾಳೆ. ಅದು ಕೇಳಿ ಅವ್ವನೂ ಹಾಗೇ. ಹೊರಗಿನಿಂದ ಬಂದವರಿಗೆ ಕಳ್ಳರ ಸಭೆಯಂತೆ ಕಾಣುತ್ತದೆ.

ಮೌನ ಎಷ್ಟು ದೊಡ್ಡದಿರುತ್ತದೆ ಎಂದು ಗೊತ್ತಿರಲಿಲ್ಲ. ಶಾಲೆಯಿಂದ ಬಂದು ಚಪ್ಪಲಿ ಬೇಕೆಂದೇ ನಡುಮನೆಯಲ್ಲಿ ಬಿಟ್ಟೆ. ಮಾದೇವಿ ಬಂದಳು, ಚಪ್ಪಲಿ ನೋಡಿದಳು, ನನ್ನನ್ನು ನೋಡಿದಳು, ಬಾಯಿ ತೆರೆದು ಮುಚ್ಚಿದಳು. ನಾನೇ ಎತ್ತಿ ಹೊರಗಿಟ್ಟೆ.

ಸವಣೂರು, ೨೦ ಅಕ್ಟೋಬರ್

ಮಕ್ತುಮಸಾಬನ ಹತ್ತಿರ ಹೋಗಿದ್ದೆ. ಮಾದೇವಿ ಕಳಿಸಿದ ಶೇಂಗಾ ಉಂಡಿ ಕೊಟ್ಟೆ.

"ನಾ ಏನೂ ಮಾಡಲಿಲ್ಲಲ್ರಿ ಮಾಸ್ತರ."

"ಅದಕ ಬಂದೇನಿ. ಎಲ್ಲಾರೂ ಏನರ ಒಂದು ಮಾಡಿದ್ರು. ನಾನಂತೂ ಭಾಳ ಮಾಡಿದೆ. ನನಗ ಬರೂದಿಲ್ಲ ಅಂದಾಂವ ನೀ ಒಬ್ಬನ."

ಮುದುಕ ಉಂಡಿ ಮುರಿದು ಅರ್ಧ ನನಗೆ ಕೊಟ್ಟ. "ಬರೂದಿಲ್ಲ ಅನ್ನೂದು ಕಲಿಯಾಕ ನನಗ ನಾಕ ಮಂದಿ ಕೈ ಕೆಟ್ಟುವು ಮಾಸ್ತರ" ಎಂದ. ಅವರ ಹೆಸರು ಇನ್ನೂ ನೆನಪಿಟ್ಟಿದ್ದಾನೆ. ಒಬ್ಬೊಬ್ಬರದೂ ಹೇಳಿದ.

ಶಿಗ್ಗಾಂವ, ೧೩ ಡಿಸೆಂಬರ್

ಪಟ.

ಹಾಸಿಗೆಯಲ್ಲಿ ಎದ್ದು ಕೂತೆ. ಪಟ. ಪಟ ಪಟ. ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದ್ದು ಮಾದೇವಿಗೆ ತಿಳಿಯಲಿಲ್ಲ. ಕರಬಸಪ್ಪನ ಅಪ್ಪಣೆ ಆಗಿದೆಯಂತೆ, ದಿನಕ್ಕೆ ಎರಡೇ. ಮೊನ್ನೆಯ ಫೋಟೋದಲ್ಲಿ ಬೆರಳಿನ ಅಂಚಿಗೆ ಬಿಳಿಯ ಗೆರೆ ಮೂಡಿದೆ. ಒಳಗಿನಿಂದ ಯಾರೋ ಸುಣ್ಣ ಬಳಿಯಲು ಶುರುಮಾಡಿದ್ದಾರೆ.

ರೊಟ್ಟಿಗೆ ಘಟ್ಟವೂ ಇತ್ತು, ಕರಾವಳಿಯೂ ಇತ್ತು. ಎರಡನ್ನೂ ನಾನೊಬ್ಬನೇ ತಿಂದೆ. ಮಗಳು ಕೇಳಿದರೂ ಕೊಡಲಿಲ್ಲ.

ಮೂರು ತಿಂಗಳಾಗುತ್ತ ಬಂತು. ಧ್ವನಿ ಇಲ್ಲ.

ಮಿರಜಿನಿಂದ ಹುಬ್ಬಳ್ಳಿಗೆ, ರೈಲಿನಲ್ಲಿ, ೧೮ ಜನವರಿ ೧೯೬೪, ಶನಿವಾರ

ರೈಲು ಅಲುಗುತ್ತಿದೆ. ಅಕ್ಷರ ಸೊಟ್ಟಗಾದರೆ ರೈಲಿನ ತಪ್ಪು.

ನಿನ್ನೆ ಡಾಕ್ಟರರಿಗೆ ತೋರಿಸುವ ದಿನ. ಪಡಸಾಲೆಯಲ್ಲಿ ನೂರು ಜನ. ಪಾಳಿ ಕೂಗುವ ನರ್ಸು ಹೊಸಬಳು. ಕಾಗದ ನೋಡಿ, "ಚನ್ನಬಸಪ್ಪ! ಹೆಂಡತೀನ ಕರಕೊಂಡು ಒಳಗ ಬರ್ರಿ!" ಎಂದು ಕೂಗಿದಳು. ಆ ಹೆಸರು ನನ್ನದೆಂದು ನೆನಪಾಗುವಷ್ಟರಲ್ಲಿ ಮೂಲೆಯಿಂದ ಜರಿಯ ರುಮಾಲಿನ ಗೃಹಸ್ಥನೊಬ್ಬ ಎದ್ದ. ಖರೇ ಚನ್ನಬಸಪ್ಪ. ಅವನ ಹಿಂದೆ ಅವನ ಹೆಂಡತಿ. ನರ್ಸು ನಮ್ಮ ಕಾಗದವನ್ನೂ, ಎಲುಬಿನ ಫೋಟೋಗಳ ಲಕೋಟೆಯನ್ನೂ ಅವನ ಕೈಗೆ ಕೊಟ್ಟು ಬಾಗಿಲು ತೋರಿಸಿದಳು. ಅವರು ಹೊಸ್ತಿಲ ತನಕ ಹೋಗಿಬಿಟ್ಟರು. ನಾನು ಎದ್ದೆ. ಜನ. ಹಾದಿ ಇಲ್ಲ.

ಆಗ ನನ್ನ ಮಗ್ಗುಲಲ್ಲಿ ಯಾರೋ ಕೂಗಿದರು.

"ಅವರಲ್ಲ! ನಮ್ಮವರ ಹೆಸರು ಉಳಿವೆ—"

ಅಲ್ಲಿಗೆ ಒಡೆಯಿತು. ಹಗ್ಗದ ಹಾಗೆ ಒರಟು ಧ್ವನಿ, ಆದರೆ ಧ್ವನಿ. ಪಡಸಾಲೆಯೆಲ್ಲ ತಿರುಗಿತು. ಮಾದೇವಿ ನಿಂತಿದ್ದಳು, ಒಂದು ಕೈ ಕೊರಳ ಮೇಲೆ. ಉಸಿರು ಎಳೆದುಕೊಂಡು, ಉಳಿದ ತುಣುಕನ್ನು ಹುಡುಕಿ ತಂದು ಇಟ್ಟಳು.

"—ಪ್ಪ."

ಆಮೇಲೆ ತಾನು ಏನಂದೆನೆಂದು ತಿಳಿದು, ಸೆರಗು ಬಾಯಿಗೆ ಒತ್ತಿ ಕೂತುಬಿಟ್ಟಳು. ರುಮಾಲಿನವನು ವಾಪಸು ಬಂದು ಲಕೋಟೆ ಕೊಟ್ಟು, "ತಗೋರಿ ಉಳಿವೆಪ್ಪನವರ, ನಿಮ್ಮ ಎಲಬು ನಿಮಗಿರಲಿ" ಎಂದ. ದೊಡ್ಡ ಡಾಕ್ಟರರು ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರಂತೆ. ಒಳಗೆ ಹೋದ ಮೇಲೆ ಕನ್ನಡಿ ಇಟ್ಟು ಗಂಟಲು ನೋಡಿದರು. ನರ ಎಚ್ಚರಾಗಿದೆ, ದಿನಾ ಮಾತಾಡಿಸಿರಿ ಎಂದರು. ನಾನು ಕಾಲು ಮುಟ್ಟಲು ಹೋದರೆ ಹಿಂದೆ ಸರಿದು, "ಮೊದಲು ಹೆಸರು ತಿದ್ದಿಸಿ" ಎಂದರು. ತಾಳಿ ಕಟ್ಟಿದ ನರ್ಸಮ್ಮನನ್ನು ಹುಡುಕಿದೆ. ಆಕೆಯ ಹೆಸರು ಸಾರಾಬಾಯಿ. ಈ ಸಲ ಕೇಳಿ ಬರೆದುಕೊಂಡಿದ್ದೇನೆ.

ಎದುರಿಗೆ ಮಾದೇವಿ ಕಿಟಕಿಗೆ ಒರಗಿ ಕೂತಿದ್ದಾಳೆ. ಈಗಷ್ಟೇ, ಆ ಹಗ್ಗದ ದನಿಯಲ್ಲಿ, "ಚಪ್ಲಿ ಒಳಗ ಸರಸ್ರಿ, ಹೋಗಿ ಬರಾವ್ರ ಕಾಲಿಗೆ ಹತ್ತತಾವು" ಎಂದಳು. ಸರಿಸಿದೆ. ಇನ್ನೊಂದು ಸಲ ಹೊರಗೆ ಚಾಚಿ ನೋಡೋಣ ಎಂದಿದ್ದೇನೆ. ಸುಗ್ಗಿ ಮುಗಿದ ಮೇಲೆ ಉಳವಿಗೂ ನಡೆದು ಹೋಗಬೇಕು. ಹರಕೆ ಹರಕೆಯೇ. ಮೌನ ಕೊಟ್ಟದ್ದಕ್ಕಲ್ಲ, ವಾಪಸು ತೆಗೆದುಕೊಂಡದ್ದಕ್ಕೆ.

ಒಂದು ಮಾತು ಮಾತ್ರ ನಿನ್ನೆಯಿಂದ ಬಿಡಿಸಲು ಬರುತ್ತಿಲ್ಲ. ಆಕೆಗೆ ಉಸಿರು ಕಟ್ಟಿದ್ದು ಸರಿಯಾಗಿ ಎಲ್ಲಿ? ಉಳಿವೆ ಎಂಬಲ್ಲಿ. ಅಷ್ಟರ ಮಟ್ಟಿಗೆ ಅದು ಹೆಸರಲ್ಲ, ಕ್ರಿಯಾಪದ. ಉತ್ತಮ ಪುರುಷ, ಏಕವಚನ, ಭವಿಷ್ಯತ್ಕಾಲ. ಹದಿನಾಲ್ಕು ವರ್ಷ ವ್ಯಾಕರಣ ಕಲಿಸಿದವನಿಗೆ ಇದು ಹೊಳೆದಿರಲಿಲ್ಲ.

ಸೋಮವಾರ ಶಾಲೆಗೆ ಹೋದ ಕೂಡಲೆ ಮುನವ್ವರಾಳ ಸೊನ್ನೆ ಅಳಿಸಬೇಕು.